ಮೂರು ಕಾಸಿನ ಆನೆ

ಕೆಲಸಕ್ಕೆ ಬಾರದ ವಸ್ತುವನ್ನೂ ಮಾತಿಗೆ ನಿಲ್ಲದ ಮನುಷ್ಯನನ್ನೂ ‘ಮೂರು ಕಾಸಿಗೆ ಬೇಡ’ ಎಂದು ತಳ್ಳಿಹಾಕುವುದು ನಮ್ಮ ಮನೆಯಲ್ಲಿ ಹಳೆಯ ರೂಢಿ. ಆದರೆ ಮೂರು ಕಾಸು ಎಂದರೆ ಲೆಕ್ಕದಲ್ಲಿ ಎಷ್ಟು ಎಂಬುದನ್ನು ಐವತ್ತು ತುಂಬುವವರೆಗೂ ನಾನು ಯೋಚಿಸಿದವನಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಆದ್ದರಿಂದ ಮೂರು ಕಾಸು ಎಂದರೆ ಸರಿಯಾಗಿ ಒಂದು ಕಾಲಾಣೆ, ರೂಪಾಯಿಯ ಅರವತ್ತನಾಲ್ಕನೆಯ ಒಂದು ಪಾಲು. ಇಂಗ್ಲಿಷರ ಕಾಲದ ಕಾಲಾಣೆ ಬಿಲ್ಲೆಯನ್ನು ನಮ್ಮ ಮನೆಯ ಹಿರಿಯರು ‘ಮೂರು ಕಾಸು’ ಎಂದೇ ಕರೆಯುತ್ತಿದ್ದರು. ಅಂಥ ಒಂದು ಬಿಲ್ಲೆಯ, ಅದರಲ್ಲೂ 1911ನೆಯ ಇಸವಿಯದರ ಬೆನ್ನು ಹತ್ತಿ ನಾನು ಐದು ವರ್ಷಕ್ಕೂ ಹೆಚ್ಚು ಕಾಲ ಅಲೆದ ಕಥೆ ಇದು.

2014ರ ಬೇಸಿಗೆಯಲ್ಲಿ ತಿಪಟೂರಿನ ನಮ್ಮ ಹಳೆಯ ಮನೆಯ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸುವಾಗ, ಅಟ್ಟದ ಸಾಮಾನುಗಳ ನಡುವೆ ಅಜ್ಜನ ಹಿತ್ತಾಳೆ ಡಬ್ಬಿ ಸಿಕ್ಕಿತು. ಅಜ್ಜ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. 1957ರ ಏಪ್ರಿಲ್ 1ರಂದು ನಯಾ ಪೈಸೆ ಚಲಾವಣೆಗೆ ಬಂದು ಆಣೆ, ಕಾಸುಗಳ ಲೆಕ್ಕ ಹಿಂದೆ ಸರಿದಾಗ, ಕೈಯಲ್ಲಿ ಉಳಿದ ಚಿಲ್ಲರೆಯನ್ನು ಬದಲಾಯಿಸಿಕೊಳ್ಳಲು ಬೇಸರಪಟ್ಟೋ, ಹಳೆಯದರ ಮೇಲಿನ ಮೋಹಕ್ಕೋ ಅದನ್ನೆಲ್ಲ ಡಬ್ಬಿಗೆ ಸುರಿದು ಇಟ್ಟುಬಿಟ್ಟಿದ್ದರು. ತೆರೆದು ಎಣಿಸಿದರೆ ನಲವತ್ತೊಂದು ಬಿಲ್ಲೆಗಳು. ಎಲ್ಲವೂ ಕಪ್ಪಾಗಿದ್ದವು, ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು, ಅಂಚುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು.

ಆಗ ನಾನು ಮಾಡಿದ ಕೆಲಸವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಡುಗೆಮನೆಯಿಂದ ಒಂದು ಹಿಡಿ ಹುಣಸೆಹಣ್ಣು ತಂದು, ಅದಕ್ಕೆ ಉಪ್ಪು ಬೆರೆಸಿ, ನೀರೊಲೆಯ ಹಂಡೆಯನ್ನು ತಿಕ್ಕುವ ಹಾಗೆ ನಲವತ್ತೊಂದನ್ನೂ ತಿಕ್ಕಿದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ ಎಂದು ಪ್ರೌಢಶಾಲೆಯ ಮಕ್ಕಳಿಗೆ ವರ್ಷ ವರ್ಷವೂ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು ನಾನು. ಆ ಕರಗಿಹೋಗುವ ತೆಳುವಾದ ಪದರದೊಂದಿಗೆ ನಾಣ್ಯದ ನೂರು ವರ್ಷದ ಮೈಬಣ್ಣವೂ ಹೋಗುತ್ತದೆಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಬಿಲ್ಲೆಗಳು ಹಸುಗೂಸಿನ ಮೈಯ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಮರುದಿನ ಅವನ್ನು ಶಾಲೆಗೆ ಕೊಂಡೊಯ್ದು ಸಮಾಜ ವಿಜ್ಞಾನದ ಮೇಷ್ಟರಿಗೆ ಹೆಮ್ಮೆಯಿಂದ ತೋರಿಸಿದೆ. ಅವರಿಗೆ ನಾಣ್ಯಗಳ ಗೀಳು ಇರುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದೊಂದನ್ನೂ ತಿರುಗಿಸಿ ನೋಡಿ, ‘ಇದೇನು ಮೇಷ್ಟ್ರೆ, ಹೆಣಕ್ಕೆ ಸ್ನಾನ ಮಾಡಿಸಿದ ಹಾಗೆ ಮಾಡಿದ್ದೀರಿ’ ಎಂದರು. ಆಮೇಲೆ ಒಂದು ಬಿಲ್ಲೆಯ ಬಳಿ ಅವರ ಬೆರಳು ನಿಂತಿತು. ‘ಒನ್ ಕ್ವಾರ್ಟರ್ ಆಣಾ, ಇಂಡಿಯಾ, 1911’ ಎಂದು ಓದಿ, ನೆತ್ತಿಯ ಮೇಲೆ ಕೈಯಿಟ್ಟುಕೊಂಡು, ‘ಇದೊಂದನ್ನಾದರೂ ಬಿಡಬಾರದಿತ್ತೆ’ ಎಂದರು.

ಆ ಇಸವಿಯಲ್ಲಿ ಏನಿದೆ ಎಂಬುದನ್ನು ಅಂದಿನ ಊಟದ ಬಿಡುವಿನಲ್ಲಿ ಅವರೇ ವಿವರಿಸಿದರು. 1910ರಲ್ಲಿ ಏಳನೆಯ ಎಡ್ವರ್ಡ್ ತೀರಿಕೊಂಡು ಐದನೆಯ ಜಾರ್ಜ್ ಪಟ್ಟಕ್ಕೆ ಬಂದ. ಮರುವರ್ಷದ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ದರ್ಬಾರು ನಡೆಯಿತು. ಆ ವರ್ಷವೇ ಹೊಸ ರಾಜನ ಮುಖವಿರುವ ನಾಣ್ಯಗಳು ಭಾರತದ ಟಂಕಸಾಲೆಗಳಿಂದ ಹೊರಬಂದವು. ಚಿತ್ರವನ್ನು ರೂಪಿಸಿದವನು ಬರ್ಟ್ರಮ್ ಮೆಕೆನಾಲ್ ಎಂಬ ಆಸ್ಟ್ರೇಲಿಯದ ಶಿಲ್ಪಿ. ರಾಜನ ತಲೆಗೆ ಕಿರೀಟ, ಮೈಮೇಲೆ ಕಸೂತಿಯ ನಿಲುವಂಗಿ, ನಿಲುವಂಗಿಯ ಮೇಲೆ ‘ಇಂಡಿಯನ್ ಎಂಪೈರ್’ ಎಂಬ ಬಿರುದಿನ ಪದಕಮಾಲೆ. ಆನೆ, ಕಮಲ, ನವಿಲುಗಳನ್ನು ಕೊಂಡಿಗಳಾಗಿ ಪೋಣಿಸಿದ ಆ ಮಾಲೆಯ ಒಂದು ಆನೆ ರಾಜನ ಎದೆಯ ಮೇಲೆ ಬಂದು ಕೂತಿತ್ತು. ಶಿಲ್ಪಿಯು ಅದರ ಸೊಂಡಿಲನ್ನು ಮೋಟಾಗಿ ಕೆತ್ತಿದ್ದರಿಂದಲೋ ಏನೋ, ಜನರ ಕಣ್ಣಿಗೆ ಅದು ಆನೆಯಾಗಿ ಕಾಣದೆ ಹಂದಿಯಾಗಿ ಕಂಡಿತು. ರಾಜನ ಎದೆಯ ಮೇಲೆ ಹಂದಿಯನ್ನು ಹೊತ್ತ ಹಣವನ್ನು ಮುಟ್ಟುವುದು ಹೇಗೆಂದು ಮುಸಲ್ಮಾನರಲ್ಲಿ ಅಸಮಾಧಾನ ಹಬ್ಬಿತು. 1857ರ ತೋಟಾಗಳ ನೆನಪು ಇನ್ನೂ ಮಾಸದಿದ್ದ ಸರ್ಕಾರ ಬೇಗನೆ ಎಚ್ಚೆತ್ತುಕೊಂಡಿತು. ಅಚ್ಚಾಗಿದ್ದ ಸುಮಾರು 94 ಲಕ್ಷ ಬೆಳ್ಳಿ ರೂಪಾಯಿಗಳಲ್ಲಿ ಚಲಾವಣೆಗೆ ಹೋಗಿದ್ದು 7 ಲಕ್ಷದಷ್ಟು. ಉಳಿದದ್ದನ್ನು ತಡೆಹಿಡಿದು ಕರಗಿಸಿದರು. 1912ರಿಂದ ಸೊಂಡಿಲನ್ನು ಉದ್ದ ಮಾಡಿ, ಕಿವಿಯನ್ನು ಎದ್ದು ಕಾಣುವಂತೆ ಮಾಡಿದ ಹೊಸ ಅಚ್ಚು ಬಂದಿತು.

ರೂಪಾಯಿಯ ಕಥೆ ಹೀಗೆ ಪ್ರಸಿದ್ಧವಾಯಿತು. ಅದರ ಬೆಲೆಯೂ ಏರಿತು. ನನ್ನಂಥ ಸಂಬಳದಾರನಿಗೆ ಒಳ್ಳೆಯ ಸ್ಥಿತಿಯ ಹಂದಿ ರೂಪಾಯಿ ಕೈಗೆ ಎಟುಕುವಂಥದ್ದಲ್ಲ. ಆದರೆ ಅದೇ ಅಚ್ಚಿನ, ಅದೇ ಇಸವಿಯ ಕಾಲಾಣೆಯೂ ಕಲ್ಕತ್ತದ ಟಂಕಸಾಲೆಯಿಂದ ಹೊರಬಿದ್ದಿತ್ತು. ಅದರಲ್ಲೂ ಅದೇ ರಾಜ, ಅದೇ ಆನೆ. ಬಡವನ ಹಂದಿ ಎಂದರೆ ಇದು. ಮೈಸೂರು ಸೀಮೆಯಲ್ಲಿಯೂ ಚಲಾವಣೆಯಲ್ಲಿದ್ದದ್ದು ಬ್ರಿಟಿಷ್ ಇಂಡಿಯಾದ ನಾಣ್ಯವೇ ಆದ್ದರಿಂದ, ಕಲ್ಕತ್ತದಲ್ಲಿ ಹುಟ್ಟಿದ ಬಿಲ್ಲೆಯೊಂದು ತಿಪಟೂರಿನ ಕೊಬ್ಬರಿ ಮಂಡಿಯವರೆಗೆ ಬಂದು ಅಜ್ಜನ ಡಬ್ಬಿ ಸೇರಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅಂದು ರಾತ್ರಿ ಭೂತಗನ್ನಡಿ ಹಿಡಿದು ನನ್ನ ಬಿಲ್ಲೆಯ ಮೇಲೆ ಆನೆಯನ್ನು ಹುಡುಕಿದೆ. ರಾಜನ ಗಡ್ಡ ಇತ್ತು, ಕಿರೀಟದ ಒಂದು ಅಂಚು ಇತ್ತು, ನಿಲುವಂಗಿಯ ಜಾಗದಲ್ಲಿ ನುಣುಪಾದ ದಿಬ್ಬವಿತ್ತು. ಆನೆ ಇರಬೇಕಾದಲ್ಲಿ ಸಾಸಿವೆಯಷ್ಟು ಗಾತ್ರದ ಒಂದು ಉಬ್ಬು. ಅದು ಹಂದಿಯೂ ಅಲ್ಲ, ಆನೆಯೂ ಅಲ್ಲ. ಎಷ್ಟೋ ಸಂತೆಗಳ ಬೆರಳುಗಳು ಮೊದಲೇ ಸವೆಸಿದ್ದದ್ದನ್ನು ನನ್ನ ಹುಣಸೆಹುಳಿ ಪೂರ್ತಿ ಮುಗಿಸಿತ್ತು. ಇಷ್ಟು ಗಲಾಟೆಗೆ ಕಾರಣವಾದ ಆ ಪ್ರಾಣಿಯ ಮೂತಿಯನ್ನು ನನ್ನ ಕಣ್ಣಿಂದಲೇ ನೋಡಬೇಕು, ಅದು ನಿಜವಾಗಿ ಹಂದಿಯ ಹಾಗಿದೆಯೇ ಎಂದು ನಾನೇ ತೀರ್ಮಾನಿಸಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿಂದ.

ಮೊದಲ ವರ್ಷವೆಲ್ಲ ಕಲಿಯುವುದರಲ್ಲಿ ಹೋಯಿತು. ಬೆಂಗಳೂರಿನಲ್ಲಿ ಆಗಾಗ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಹಿಂದಿರುಗುತ್ತಿದ್ದೆ. ಅಲ್ಲಿ ಮೇಜು ಹಾಕಿಕೊಂಡು ಕೂತಿದ್ದ ವಯಸ್ಸಾದ ಸಂಗ್ರಾಹಕರೊಬ್ಬರು ನನ್ನ ಗುಲಾಬಿ ಬಿಲ್ಲೆಯನ್ನು ನೋಡಿ ನಗಲಿಲ್ಲ. ಅವರೂ ಹುಡುಗರಾಗಿದ್ದಾಗ ನಿಂಬೆಹುಳಿ ಹಾಕಿದವರಂತೆ. ತಾಮ್ರದ ಜಾತಿಯ ನಾಣ್ಯವನ್ನು ಎಂದಿಗೂ ಉಜ್ಜಬಾರದು, ಮಣ್ಣು ಮೆತ್ತಿಕೊಂಡಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ ತಾನಾಗಿ ಬಿಡುವಂತೆ ಮಾಡಬೇಕು, ಬೆರಳಿನ ಬೆವರು ಮುಖಕ್ಕೆ ತಾಗದಂತೆ ಅಂಚನ್ನೇ ಹಿಡಿಯಬೇಕು ಎಂಬುದೆಲ್ಲ ಅವರು ಹೇಳಿಕೊಟ್ಟ ಪಾಠ. ನಾಣ್ಯದ ಸ್ಥಿತಿಗೆ ವ್ಯಾಪಾರಿಗಳು ಹೇಳುವ ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಎಫ್’ (ಎಕ್ಸ್‌ಟ್ರೀಮ್ಲಿ ಫೈನ್), ‘ಯುಎನ್‌ಸಿ’ (ಅನ್‌ಸರ್ಕ್ಯುಲೇಟೆಡ್, ಎಂದರೆ ಚಲಾವಣೆಗೇ ಹೋಗದ್ದು) ಎಂಬ ಮೆಟ್ಟಿಲುಗಳ ಅರ್ಥವೂ ಆಗ ತಿಳಿಯಿತು. ‘ಫೈನ್’ ಎಂದರೆ ಚೆನ್ನಾಗಿದೆ ಎಂದುಕೊಂಡು ಎರಡು ಬಾರಿ ಮೋಸಹೋದ ಮೇಲೆ ತಿಳಿಯಿತು ಎನ್ನುವುದೇ ಸರಿ. ಈ ಭಾಷೆಯಲ್ಲಿ ‘ಫೈನ್’ ಎಂದರೆ ಸಾಕಷ್ಟು ಸವೆದದ್ದು ಎಂದರ್ಥ. ಹಿರಿಯರು ತಮ್ಮ ಆಲ್ಬಮ್ಮಿನಲ್ಲಿದ್ದ ಹಂದಿ ರೂಪಾಯಿಯನ್ನು ಮಸೂರದ ಕೆಳಗೆ ಅರ್ಧ ನಿಮಿಷ ತೋರಿಸಿದರು. ಹಿಂದೆ ಜನ ನೂಕುತ್ತಿದ್ದರು, ದೀಪದ ಹೊಳಪು ಬೆಳ್ಳಿಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು, ನೋಡಿಯೂ ನೋಡದಂತಾಯಿತು. ಹೊರಡುವಾಗ ಅವರು ಒಂದು ಮಾತು ಹೇಳಿದರು: ‘ಕಾಲಾಣೆ ಹುಡುಕುವಾಗ ಮೊದಲು ಇಸವಿ ನೋಡಿ, ಆನೆಯನ್ನಲ್ಲ. ಅನುಮಾನ ಬಂದಾಗ ಮಾತ್ರ ಆನೆಯನ್ನು ಕೇಳಿ.’ ಅದರ ಅರ್ಥ ನನಗೆ ಎರಡು ವರ್ಷ ಬಿಟ್ಟು ಆಯಿತು.

ಹುಡುಕುವ ಜಾಗ ಸಿಕ್ಕಿದ್ದು ನಮ್ಮ ಊರಿನಲ್ಲಿಯೇ. ಪೇಟೆಯ ಪಾತ್ರೆ ಅಂಗಡಿಯವರು ಹಳೆಯ ತಾಮ್ರ, ಹಿತ್ತಾಳೆಯನ್ನು ತೂಕಕ್ಕೆ ಕೊಳ್ಳುತ್ತಾರೆ. ಹಳ್ಳಿಗಳಿಂದ ಬರುವ ತೂತು ಬಿದ್ದ ಹಂಡೆ, ಸೊಟ್ಟಗಾದ ಚೊಂಬುಗಳ ಜೊತೆಗೆ ಒಮ್ಮೊಮ್ಮೆ ಹಳೆಯ ಬಿಲ್ಲೆಗಳ ಗಂಟೂ ಬರುತ್ತದೆ. ಆ ಅಂಗಡಿಯ ಶೆಟ್ಟರ ಮಗ ನನ್ನ ವಿದ್ಯಾರ್ಥಿ. ಕರಗಿಸಲು ಕಳಿಸುವ ಮೊದಲು ಒಂದು ಸಲ ನೋಡಲು ಬಿಡಿ, ಬೇಕಾದ್ದಕ್ಕೆ ತಾಮ್ರದ ದರದ ಮೇಲೆ ಹತ್ತು ಪಾಲು ಕೊಡುತ್ತೇನೆ ಎಂದಾಗ ಶೆಟ್ಟರು, ‘ಮೂರು ಕಾಸಿಗೆ ಮೂವತ್ತು ಕೊಡ್ತೀರಾ ಮೇಷ್ಟ್ರೆ, ಪಾಠ ಹೇಳೋರ ಲೆಕ್ಕ ಹೀಗಿದ್ರೆ ನನ್ನ ಮಗನ ಗತಿ ಏನು’ ಎಂದು ನಕ್ಕು ಒಪ್ಪಿಕೊಂಡರು. ಭಾನುವಾರಗಳ ಮಧ್ಯಾಹ್ನ ಅಂಗಡಿಯ ಹಿಂಬದಿಯ ಗೋಣಿತಾಟಿನ ಮೇಲೆ ಕೂತು ಬಿಲ್ಲೆಗಳನ್ನು ಬೇರ್ಪಡಿಸುವುದು ನನ್ನ ವ್ರತವಾಯಿತು.

ಆ ಬೇರ್ಪಡಿಸುವ ಕೆಲಸ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮೊದಮೊದಲು ಕಣ್ಣು ಬೇಕು, ಅಭ್ಯಾಸವಾದ ಮೇಲೆ ಬೆರಳೇ ಸಾಕು. 1906ಕ್ಕೆ ಮೊದಲಿನ ಕಾಲಾಣೆಗಳು ಅಪ್ಪಟ ತಾಮ್ರದವು, ತೂಕ ಸುಮಾರು ಆರೂವರೆ ಗ್ರಾಂ, ಅಂಗೈಗೆ ಬಿದ್ದರೆ ಭಾರ ತಿಳಿಯುತ್ತದೆ. ಆ ವರ್ಷದಿಂದ ತಾಮ್ರದ ಬದಲು ಕಂಚು ಬಂದು ತೂಕ 4.86 ಗ್ರಾಂಗೆ ಇಳಿಯಿತು. ಹೀಗಾಗಿ ವಿಕ್ಟೋರಿಯಾ ರಾಣಿಯ ಬಿಲ್ಲೆಗಳನ್ನೂ ಈಸ್ಟ್ ಇಂಡಿಯಾ ಕಂಪನಿಯ 1835ರ ಬಿಲ್ಲೆಗಳನ್ನೂ ನೋಡದೆಯೇ ಪಕ್ಕಕ್ಕೆ ಹಾಕಬಹುದು. ಉಳಿದ ತೆಳುವಿನವುಗಳಲ್ಲಿ ಏಳನೆಯ ಎಡ್ವರ್ಡನದು ಕಿರೀಟವಿಲ್ಲದ ಬೋಳುತಲೆ, ಮುಖ ಬಲಕ್ಕೆ. ಐದನೆಯ ಜಾರ್ಜನದು ಕಿರೀಟ, ಗಡ್ಡ, ನಿಲುವಂಗಿ, ಮುಖ ಎಡಕ್ಕೆ. ಆರನೆಯ ಜಾರ್ಜನಿಗೆ ಕಿರೀಟವಿದೆ, ಗಡ್ಡವೂ ಇಲ್ಲ, ನಿಲುವಂಗಿಯೂ ಇಲ್ಲ. ಮುಖ ಪೂರಾ ಸವೆದು ಬರಿಯ ನೆರಳು ಉಳಿದಿದ್ದರೂ ಆ ನೆರಳಿನ ಆಕಾರದಿಂದಲೇ ರಾಜ ಯಾರೆಂದು ಹೇಳಬಹುದು. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು 1943ರಿಂದ ಅಚ್ಚುಹಾಕಿದ ತೂತಿನ ಕಾಸುಗಳು ಬೇರೆಯೇ ಜಾತಿ; ಅವು ದಾರದಲ್ಲಿ ಪೋಣಿಸಿಕೊಂಡೇ ಬರುತ್ತಿದ್ದವು.

ಒಂದು ಕಿಲೋಗೆ ಸುಮಾರು ಇನ್ನೂರು ತೆಳು ಬಿಲ್ಲೆಗಳು ತೂಗುತ್ತವೆ. ಐದನೆಯ ಜಾರ್ಜನ ಗುಂಪನ್ನು ಬೇರೆ ಮಾಡಿಕೊಂಡು, ಎಲ್ಲವನ್ನೂ ಹಿಂಬದಿ ಮೇಲಾಗಿ ಸಾಲಾಗಿ ಜೋಡಿಸಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಕೂರುತ್ತಿದ್ದೆ. ಮೇಲಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಸವೆದ ಅಂಕಿ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಅಂಕಿಯ ನೆರಳು ಎದ್ದು ನಿಲ್ಲುತ್ತದೆ. ಬಳ್ಳಿಯ ಅಲಂಕಾರದ ನಡುವಿನ ವೃತ್ತದಲ್ಲಿ ಕೆಳಗಿನ ಸಾಲು ಇಸವಿ. ಮೊದಲ ಎರಡು ಅಂಕಿ ಎಲ್ಲದರಲ್ಲೂ ಒಂದೇ. ಕೊನೆಯ ಎರಡರಲ್ಲಿ ದುಂಡನೆಯ ಗೆರೆ ಕಂಡರೆ ಬಿಟ್ಟುಬಿಡುವುದು, ಎರಡೂ ನೆಟ್ಟಗಿನ ಕಡ್ಡಿಗಳಾಗಿದ್ದರೆ ನಿಲ್ಲುವುದು. ಮೊದಲ ಎರಡು ಭಾನುವಾರ ಒಂದೂ ಸಿಗಲಿಲ್ಲ. ಮೂರನೆಯ ಭಾನುವಾರ ಒಂದು ಸಿಕ್ಕಿತು. ಯಾರೋ ಅದಕ್ಕೆ ತೂತು ಕೊರೆದು ಮಗುವಿನ ಉಡಿದಾರಕ್ಕೆ ಕಟ್ಟಿದ್ದರೆಂದು ಕಾಣುತ್ತದೆ, ತೂತು ಸರಿಯಾಗಿ ರಾಜನ ಎದೆಯ ಮೇಲೆಯೇ ಬಿದ್ದಿತ್ತು. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಸಿಕ್ಕಿತು. ಅದರ ಇಸವಿ ಕಣ್ಣಿಗೆ ಒತ್ತುವಷ್ಟು ಸ್ಪಷ್ಟ, ರಾಜನ ಕಡೆ ಮಾತ್ರ ಒರಳುಕಲ್ಲಿನ ಹಾಗೆ ನುಣುಪು. ಮೂರು 1911 ನನ್ನ ಬಳಿ ಸೇರಿದವು, ಮೂರರಲ್ಲಿ ಒಂದರಲ್ಲೂ ಪ್ರಾಣಿ ಇರಲಿಲ್ಲ.

ಸಹನೆ ತಪ್ಪಿದವನು ದುಡ್ಡಿನ ದಾರಿ ಹಿಡಿಯುತ್ತಾನೆ. ಹೊರರಾಜ್ಯದ ವ್ಯಾಪಾರಿಯೊಬ್ಬ ಮೊಬೈಲಿಗೆ ಕಳಿಸಿದ ಫೋಟೊ ನೋಡಿ, ‘1911, ಹಂದಿ, ವೆರಿ ಫೈನ್’ ಎಂಬ ಮಾತನ್ನು ನಂಬಿ, ₹900 ಕಳಿಸಿ ಒಂದನ್ನು ಅಂಚೆಯಲ್ಲಿ ತರಿಸಿದೆ. ಬಂದ ಬಿಲ್ಲೆ ನಿಜಕ್ಕೂ ಚೆನ್ನಾಗಿತ್ತು. ಕಂದು ಬಣ್ಣ ಸಮವಾಗಿತ್ತು, ನಿಲುವಂಗಿಯ ಕಸೂತಿಯ ಎಳೆಗಳೂ ಕಾಣುತ್ತಿದ್ದವು. ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದರೆ 4.8 ಗ್ರಾಂ, ಸರಿಯಾಗಿದೆ. ಈರುಳ್ಳಿಯ ಸಿಪ್ಪೆ ತೋರಿಸುವ ಸೂಕ್ಷ್ಮದರ್ಶಕದ ಅತಿ ಕಡಿಮೆ ಶಕ್ತಿಯ ಮಸೂರದ ಕೆಳಗೆ ಅದನ್ನಿಟ್ಟು, ಪಕ್ಕದಿಂದ ಟಾರ್ಚು ಬಿಟ್ಟು, ರಾಜನ ಎದೆಯ ಮೇಲೆ ನಿಲ್ಲಿಸಿದೆ. ಆನೆ ಕಂಡಿತು. ದಪ್ಪ ಕಾಲು, ಅಗಲವಾದ ಕಿವಿ, ಮುಂದೆ ಇಳಿಬಿದ್ದ ಉದ್ದನೆಯ ಸೊಂಡಿಲು. ಎಷ್ಟು ನೋಡಿದರೂ ಅದು ಆನೆಯೇ. ಹಂದಿಯಾಗಲು ಅದರಲ್ಲಿ ಎಡೆಯೇ ಇರಲಿಲ್ಲ. ‘ಜನ ಸುಮ್ಮನೆ ಗುಲ್ಲೆಬ್ಬಿಸಿದರೇ?’ ಎಂದು ಒಂದು ಕ್ಷಣ ಇತಿಹಾಸವನ್ನೇ ಅನುಮಾನಿಸಿದೆ. ಆಮೇಲೆ ಹಿರಿಯರ ಮಾತು ನೆನಪಾಗಿ, ಬಿಲ್ಲೆಯನ್ನು ಮಗುಚಿ ಇಸವಿಯನ್ನು ಮಸೂರದ ಕೆಳಗೆ ತಂದೆ. ಕೊನೆಯ 1ರ ತಲೆಯ ಬಳಿ ಲೋಹ ಗೀಚಿದ ಹಾಗಿತ್ತು. ಆ ಗೀಚಿನ ಆಚೆ ಒಂದು ಅಡ್ಡಗೆರೆಯ ತುದಿ ಇರುವೆಯ ಕಾಲಿನಷ್ಟು ಉಳಿದುಕೊಂಡಿತ್ತು. ಅದು 1917. ಅಡ್ಡಗೆರೆಯನ್ನು ಯಾರೋ ಬೇಕೆಂದೇ ಕೆರೆದರೋ, ತಾನಾಗಿ ಪೆಟ್ಟುಬಿದ್ದು ಹೋಯಿತೋ ಹೇಳಲಾರೆ. ವ್ಯಾಪಾರಿ ಫೋನು ಎತ್ತುವುದನ್ನು ನಿಲ್ಲಿಸಿದ. ಆ ಬಿಲ್ಲೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಸೊಂಡಿಲು ಎಂದರೆ ಏನೆಂದು ನನಗೆ ಕಲಿಸಿದ್ದು ಅದೇ.

ಈ ಗೀಳು ಊರಿಗೆ ತಿಳಿದ ಮೇಲೆ ಬಂದ ತೊಂದರೆಗಳು ಬೇರೆ. ರಾಮ, ಸೀತೆ, ಹನುಮಂತರ ಚಿತ್ರವಿರುವ, ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದ ದೊಡ್ಡ ಬಿಲ್ಲೆಗಳನ್ನು ತಂದು ಲಕ್ಷ ರೂಪಾಯಿ ಕೇಳಿದವರು ನಾಲ್ಕು ಜನ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚುಹಾಕಿಲ್ಲ, ಇವು ಈಚೆಗೆ ಯಾರೋ ಮಾಡಿ ಮಾರುವ ಬಿಲ್ಲೆಗಳು ಎಂದರೆ, ದೇವರ ಚಿತ್ರವನ್ನೇ ಸುಳ್ಳೆನ್ನುತ್ತೀರಾ ಎಂದು ಮುನಿಸಿಕೊಂಡವರೂ ಇದ್ದಾರೆ. ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂಬ ಕರೆಗೆ ನಮ್ಮ ಶಾಲೆಯ ಜವಾನನೊಬ್ಬ ₹2,000 ಕಳೆದುಕೊಂಡ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ನಡೆಯುವ ಇಂಥ ಮೋಸದ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ ಎಚ್ಚರಿಸಿತು, ಆದರೂ ಕರೆಗಳು ನಿಂತಿಲ್ಲ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೂ ಈ ಕಥೆ ಕೇಳಿ ಆಸೆ ಹುಟ್ಟಿ, ಒಂದನ್ನು ಅಂಚೆಯಲ್ಲಿ ಕಳಿಸಿ ಮಾವ ಎಂದ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತುವಾಗುತ್ತದೆ, ಖಾಸಗಿ ವ್ಯಕ್ತಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. 1911ರ ಮೂರು ಕಾಸಿಗೂ 2011ರಲ್ಲಿ ಆ ಗೌರವ ಬಂದುಬಿಟ್ಟಿದೆ ಎಂದು ಹೇಳಿದಾಗ ಅವನು ನಂಬಲೇ ಇಲ್ಲ.

ಕಾಪಾಡಿಕೊಳ್ಳುವುದರಲ್ಲಿಯೂ ಒಂದು ಪೆಟ್ಟು ತಿಂದೆ. ಅಗ್ಗಕ್ಕೆ ಸಿಕ್ಕಿತೆಂದು ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ಮಿಗೆ ಹಾಕಿದ್ದ ಬಿಲ್ಲೆಗಳ ಮೇಲೆ ಎರಡನೆಯ ಮಳೆಗಾಲಕ್ಕೆ ಹಸಿರು ಲೋಳೆ ಕೂತಿತು. ಆ ಹಾಳೆ ಕಾಲಕ್ರಮೇಣ ಬಿಡುವ ಆಮ್ಲವೇ ಅದಕ್ಕೆ ಕಾರಣ. ಈಗ ಎಲ್ಲವನ್ನೂ ನಡುವೆ ಪಾರದರ್ಶಕ ಕಿಟಕಿಯಿರುವ ರಟ್ಟಿನ ಚೌಕಗಳಲ್ಲಿ ಪಿನ್ನು ಹೊಡೆದು, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಂದಿಗೆ ಸ್ಟೀಲು ಡಬ್ಬಿಯಲ್ಲಿ ಇಡುತ್ತೇನೆ.

2019ರ ದೀಪಾವಳಿಯ ನಂತರ, ಹೊನ್ನವಳ್ಳಿ ಕಡೆಯ ಹಳ್ಳಿಯಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ಅಜ್ಜಿ ನಿಮ್ಮನ್ನ ಬರೋಕೆ ಹೇಳಿದ್ದಾರೆ ಸಾರ್, ಹಳೇ ದುಡ್ಡು ಓದಬೇಕಂತೆ’ ಎಂದಳು. ಹಬ್ಬಕ್ಕೆ ಸುಣ್ಣ ಬಳಿಯುವಾಗ ದೇವರ ಗೂಡಿನಲ್ಲಿದ್ದ ಮುಡುಪಿನ ಬಟ್ಟೆ ತಾನಾಗಿ ಹರಿದು ದುಡ್ಡು ಚೆಲ್ಲಿತ್ತಂತೆ. ಅಜ್ಜಿಗೆ ಎಂಬತ್ತರ ಮೇಲಾಗಿತ್ತು. ಅದು ಅವರ ಅತ್ತೆಯ ಅತ್ತೆ ತಿರುಪತಿ ತಿಮ್ಮಪ್ಪನಿಗೆ ಹರಸಿಕೊಂಡು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡುಪು. ಏನನ್ನು ಬೇಡಿ ಕಟ್ಟಿದ್ದೆಂದು ಯಾರಿಗೂ ನೆನಪಿಲ್ಲ. ಬೆಟ್ಟಕ್ಕೆ ಹೋಗಿ ಒಪ್ಪಿಸಲು ಆ ತಾಯಿಗೆ ಆಗಲಿಲ್ಲ, ಆಮೇಲಿನವರು ಹೋದಾಗ ಮರೆತರು, ಮರೆತದ್ದಕ್ಕೆ ಹೆದರಿ ಮತ್ತೆ ಮುಟ್ಟಲಿಲ್ಲ. ಈಗ ಹೊಸ ಬಟ್ಟೆಯಲ್ಲಿ ಕಟ್ಟುವ ಮೊದಲು ಆ ದುಡ್ಡು ಹುಂಡಿಯಲ್ಲಿ ನಡೆಯುತ್ತದೆಯೇ ಎಂದು ತಿಳಿಯುವುದು ಅಜ್ಜಿಯ ಉದ್ದೇಶವಾಗಿತ್ತು.

ತಟ್ಟೆಯಲ್ಲಿ ಹನ್ನೊಂದು ಕಾಲಾಣೆಗಳಿದ್ದವು. ಅರಿಶಿನದ ಪುಡಿ ಅಂಚುಗಳಿಗೆ ಮೆತ್ತಿಕೊಂಡಿತ್ತು, ಆದರೆ ಕಿಲುಬಿನ ಸುಳಿವೂ ಇರಲಿಲ್ಲ. ನೂರು ವರ್ಷ ಅವು ಒಣ ಗೂಡಿನ ಕತ್ತಲೆಯಲ್ಲಿ ಯಾರ ಕೈಗೂ ತಾಗದೆ ಇದ್ದವು. ಆರು ಬಿಲ್ಲೆಗಳಲ್ಲಿ ಬೋಳುತಲೆಯ ಎಡ್ವರ್ಡ್, ಐದರಲ್ಲಿ ಗಡ್ಡದ ಜಾರ್ಜ್. ಅಂಚು ಹಿಡಿದು ಒಂದೊಂದನ್ನೇ ಮಗುಚಿದೆ. 1912, 1912, 1912, 1912. ಐದನೆಯದರಲ್ಲಿ ಕೊನೆಗೆ ಎರಡು ನೆಟ್ಟಗಿನ ಕಡ್ಡಿಗಳಿದ್ದವು. ಅದರ ಬಣ್ಣವನ್ನು ಏನೆಂದು ಹೇಳಲಿ, ಹದವಾಗಿ ಹುರಿದ ಕಾಫಿಬೀಜದ ಕಂದು. ಅಕ್ಷರಗಳ ಸಂದಿಯಲ್ಲಿ ಮಾತ್ರ ಟಂಕಸಾಲೆಯಿಂದ ಬಂದ ದಿನದ ಕೆಂಪು ಇನ್ನೂ ಉಳಿದಿತ್ತು. ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಹಚ್ಚಿಕೊಂಡು, ಬಾಗಿಲ ಬೆಳಕಿಗೆ ಬಿಲ್ಲೆಯನ್ನು ಓರೆ ಹಿಡಿದೆ. ಕಿರೀಟದ ಮುತ್ತುಗಳನ್ನು ಎಣಿಸಬಹುದಿತ್ತು. ಅಲ್ಲಿಂದ ಗಡ್ಡ, ಕುತ್ತಿಗೆ, ಕಸೂತಿ, ಮಾಲೆ. ಮಾಲೆಯಲ್ಲಿ ಆ ಪ್ರಾಣಿ ನಿಂತಿತ್ತು. ಬೆನ್ನು ದುಂಡಗೆ ಉಬ್ಬಿದೆ, ಕಾಲು ಗಿಡ್ಡ, ಮುಂದಕ್ಕೆ ಚಾಚಿದ ಮೂತಿ ಇಳಿಯಬೇಕಾದಲ್ಲಿ ಇಳಿಯದೆ ಮೊಟಕಾಗಿ ನಿಂತುಬಿಟ್ಟಿದೆ. 1917ರ ಆನೆಯನ್ನು ನೋಡಿ ಪಳಗಿದ ಕಣ್ಣಿಗೆ ವ್ಯತ್ಯಾಸ ತಕ್ಷಣ ಹೊಡೆಯಿತು. ಆದರೂ ಆನೆಯೆಂದು ಮೊದಲೇ ಗೊತ್ತಿದ್ದವರಿಗೆ ಆನೆ, ಹಂದಿಯೆಂದು ಕೇಳಿ ಬಂದವರಿಗೆ ಹಂದಿ ಎಂಬಂತಿತ್ತು ಅದು. ನೂರು ವರ್ಷದ ಹಿಂದೆ ಸಂತೆಯಲ್ಲಿ ಯಾರಾದರೂ ಪಿಸುಗುಟ್ಟದಿದ್ದರೆ ಜನ ಅದನ್ನು ಗಮನಿಸುತ್ತಲೇ ಇರಲಿಲ್ಲವೇನೋ ಎಂದು ನನಗೆ ಅನ್ನಿಸಿತು.

ಅಜ್ಜಿಗೂ ಮಸೂರ ಕೊಟ್ಟೆ, ಏನೆಂದು ಮೊದಲೇ ಹೇಳಲಿಲ್ಲ. ಅವರು ಬಹಳ ಹೊತ್ತು ಹಿಂದೆ ಮುಂದೆ ಸರಿಸಿ ನೋಡಿ, ‘ಹೆಗ್ಗಣ’ ಎಂದರು. ಹಂದಿಯ ಕಥೆಯನ್ನೆಲ್ಲ ವಿವರಿಸಿದೆ. ‘ಹಂದಿಯೂ ಅಲ್ಲ, ಆನೆಯೂ ಅಲ್ಲ ಮೇಷ್ಟ್ರೆ, ಹೆಗ್ಗಣಾನೇ ಇದು, ಬಾಲ ಒಂದು ಕಾಣಲ್ಲ ಅಷ್ಟೇ’ ಎಂದು ಮಸೂರ ಹಿಂದಿರುಗಿಸಿದರು.

ಬೆಲೆಯ ವಿಷಯದಲ್ಲಿ ನಾನು ಮುಚ್ಚುಮರೆ ಮಾಡಲಿಲ್ಲ. ಇದೊಂದಕ್ಕೆ ಸಾವಿರಗಳಲ್ಲಿ ಕೊಡುವವರಿದ್ದಾರೆ, ನಾನೇ ಕೊಡುತ್ತೇನೆ, ಆ ದುಡ್ಡನ್ನು ಹುಂಡಿಗೆ ಹಾಕಿದರೆ ತಿಮ್ಮಪ್ಪನಿಗೂ ಲಾಭವಲ್ಲವೇ ಎಂದು ಕೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. ‘ಹರಸಿಕೊಂಡಿದ್ದು ಈ ದುಡ್ಡನ್ನ. ಬೇರೇದು ಹಾಕೋದಿದ್ರೆ ನೂರು ವರ್ಷ ಇದನ್ನ ಯಾಕೆ ಕಾಯಬೇಕಿತ್ತು’ ಎಂದರು. ಅಷ್ಟರಲ್ಲಿ ಮೊಮ್ಮಗಳು, ಜನವರಿಯಲ್ಲಿ ಸಾರ್ ಮನೆಯವರೆಲ್ಲ ತಿರುಪತಿಗೆ ಹೋಗುತ್ತಾರೆ ಎಂದುಬಿಟ್ಟಳು. ಹೊಸ ಬಟ್ಟೆಗೆ ಅರಿಶಿನ ಹಚ್ಚಿ, ಒಣಗಿಸಿ, ಹನ್ನೊಂದನ್ನೂ ನನ್ನೆದುರಿಗೇ ಎಣಿಸಿ ಕಟ್ಟಿ, ಅಜ್ಜಿ ಆ ಗಂಟನ್ನು ನನ್ನ ಕೈಗೆ ಕೊಟ್ಟರು. ಕಟ್ಟುವ ಮೊದಲು ಮಸೂರದ ಮೂಲಕ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಲು ಮಾತ್ರ ಒಪ್ಪಿಗೆ ಕೇಳಿದೆ.

ಆ ಗಂಟು ಎರಡು ತಿಂಗಳು ನಮ್ಮ ಮನೆಯ ದೇವರ ಮುಂದೆ ಇತ್ತು. ಹೊರಡುವ ದಿನ ನನ್ನ ಚೀಲದ ಒಳಜೇಬಿನಲ್ಲಿ ಹುಣಸೆಹುಳಿಯ ನನ್ನ ಮೊದಲ ಬಿಲ್ಲೆಯೂ ಇತ್ತು. ಅದನ್ನು ಯಾಕೆ ಇಟ್ಟುಕೊಂಡೆ ಎಂಬುದನ್ನು ಹೆಂಡತಿಗೆ ಹೇಳಿರಲಿಲ್ಲ. ಹನ್ನೊಂದು ಕಾಲಾಣೆ ಹನ್ನೊಂದೇ ಆಗಿರುತ್ತದೆ, ಇಸವಿಯೂ ಅದೇ ಆಗಿರುತ್ತದೆ ಎಂದು ರಾತ್ರಿಯ ಬಸ್ಸಿನಲ್ಲಿ ಚಿತ್ತೂರು ದಾಟುವವರೆಗೂ ಲೆಕ್ಕ ಹಾಕುತ್ತಲೇ ಇದ್ದೆ. ಗಂಟನ್ನು ಬಿಚ್ಚಲಿಲ್ಲ. ಅದಕ್ಕೆ ಕಾರಣ ಭಕ್ತಿಯೋ, ಅಜ್ಜಿ ಹಾಕಿದ್ದ ಆ ವಿಚಿತ್ರವಾದ ಗಂಟನ್ನು ಮತ್ತೆ ಹಾಗೆಯೇ ಹಾಕಲು ನನಗೆ ಬಾರದು ಎಂಬುದೋ, ಎರಡೂ ಸೇರಿಯೋ. ದರ್ಶನ ಮುಗಿಸಿ ಹೊರಬಂದು, ಬಟ್ಟೆ ಹೊದಿಸಿದ ಕೊಪ್ಪರಿಗೆಯ ಮುಂದೆ ನಿಂತಾಗ ಹಿಂದಿನಿಂದ ಜನ ತಳ್ಳುತ್ತಿದ್ದರು, ಯೋಚಿಸಲು ಬಿಡುವಿರಲಿಲ್ಲ. ಗಂಟು ಒಳಗೆ ಬಿತ್ತು. ಅಷ್ಟು ದುಡ್ಡಿನ ಮೇಲೆ ಅದು ಬಿದ್ದ ಸದ್ದು ಕೂಡ ಕೇಳಲಿಲ್ಲ.

ಹಿಂದಿರುಗಿದ ವಾರವೇ ಪ್ರಸಾದದ ಲಾಡು ಹಿಡಿದು ಅಜ್ಜಿಯ ಮನೆಗೆ ಹೋದೆ. ಲಾಡನ್ನು ಕಣ್ಣಿಗೆ ಒತ್ತಿಕೊಂಡು, ಒಂದು ಚೂರು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೂ ಸುಮ್ಮನಿದ್ದು, ಅಜ್ಜಿ ಕೇಳಿದರು:

‘ಹೆಗ್ಗಣಾನೂ ಹಾಕಿದ್ರಾ ಮೇಷ್ಟ್ರೆ?’

‘ಹಾಕಿದೆ ಅಜ್ಜಿ’ ಎಂದೆ.